ಝಟ್ಕಾ ಮಾಸ್ತರು

ಸತ್ತವರ ಬಗ್ಗೆ ಒಳ್ಳೆಯ ಮಾತೇ ಆಡಬೇಕಂತೆ. ಆಡುತ್ತೇನೆ, ಯಾರು ಬೇಡ ಅಂದರು? ಆದರೆ ಮೊದಲು ನನ್ನ ಹೊಟ್ಟೆಯೊಳಗಿನ ಸಿಟ್ಟು ಇಷ್ಟು ಹೊರಗೆ ಬರಲಿ. ಹೋದ ತಿಂಗಳು ಒಂದು ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಉಂಡು, "ಜರಾ ಅಡ್ಡಾಗ್ತೀನಿ" ಎಂದು ಮಲಗಿದ ನಮ್ಮ ಬ್ಯಾಂಡ್ ಮಾಸ್ತರು ಏಳಲೇ ಇಲ್ಲ. ಸುದ್ದಿ ಕೇಳಿ ನಾನು ಅಂಗಡಿಯ ಶಟರ್ ಅರ್ಧ ಎಳೆದು ಹಾಗೇ ನಿಂತುಬಿಟ್ಟೆ. ಅದಕ್ಕೆ ಸ್ವಲ್ಪ ದಿನ ಮೊದಲಷ್ಟೇ ಆ ಮನುಷ್ಯ ನನಗೆ ಎದೆ ಒಡೆಯುವಂಥ ಧಕ್ಕೆ ಕೊಟ್ಟಿದ್ದರು, ಒಮ್ಮೆ ನನ್ನ ಅಂಗಡಿಯಲ್ಲಿ, ಇನ್ನೊಮ್ಮೆ ಬಸವಕಲ್ಯಾಣದ ನಡುಬೀದಿಯಲ್ಲಿ. ಅದರಿಂದಲೇ ನಾನಿನ್ನೂ ಚೇತರಿಸಿಕೊಂಡಿರಲಿಲ್ಲ. ಅಷ್ಟರಲ್ಲಿ ಹೇಳದೆ ಕೇಳದೆ ಹೀಗೆ ಎದ್ದು ಹೋಗುವುದು ಯಾವ ನ್ಯಾಯ?

ನನ್ನದು ಹುಮನಾಬಾದಿನ ಬಸ್‌ಸ್ಟ್ಯಾಂಡ್ ಹತ್ತಿರದ ಗಲ್ಲಿಯಲ್ಲಿ ಒಂದು ಚಿಕ್ಕ ಅಂಗಡಿ. ಅಪ್ಪನ ಕಾಲದಲ್ಲಿ ಅಲ್ಲಿ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುತ್ತಿದ್ದರು. ಈಗ ನಾನು ಅದೇ ಕ್ಯಾಸೆಟ್ಟುಗಳಿಂದ ಹಾಡು ತೆಗೆದು ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ. ಹಳೇ ಮದುವೆಯ ವಿಡಿಯೋ, ಭಜನೆಯ ಟೇಪು, ಅಟ್ಟದ ಮೇಲೆ ಬಿದ್ದಿದ್ದ ದೊಡ್ಡ ಕಪ್ಪು ರಿಕಾರ್ಡು, ಏನು ತಂದರೂ ಇಳಿಸುತ್ತೇನೆ. ಮಂದಿ ನನ್ನನ್ನು "ಇಳಿಸೋ ಅಕ್ಕ" ಎಂದೇ ಕರೆಯುತ್ತಾರೆ. ಹೊಸಬರು ಕೇಳಿದರೆ ನಾನು ದೆವ್ವ ಇಳಿಸುವವಳು ಅಂದುಕೊಳ್ಳಬೇಕು.

ಮಾಸ್ತರು ನಮ್ಮೂರಿನ ಬ್ಯಾಂಡಿನ ಯಜಮಾನರು, ಸ್ಯಾಕ್ಸಫೋನ್ ಊದುವವರು. ಅವರಿಗೆ ಒಂದು ಹೆಸರಿತ್ತು ಅನ್ನುವುದೇ ಊರಿಗೆ ಮರೆತುಹೋಗಿತ್ತು. ಊದಿ ಊದಿ ಗಲ್ಲಗಳು ಸಡಿಲಾಗಿ, ಸುಮ್ಮನಿದ್ದಾಗ ಖಾಲಿ ಚೀಲದ ಹಾಗೆ ಜೋತುಬಿದ್ದಿರುತ್ತಿದ್ದವು. ಬಾಯಿಗೆ ಸ್ಯಾಕ್ಸಫೋನ್ ಹೋಯಿತೋ, ಮುಖ ತುಂಬಿಕೊಂಡು ಇಪ್ಪತ್ತರ ಹುಡುಗ ಆಗಿಬಿಡುತ್ತಿದ್ದರು. ವೈಶಾಖದ ಬಿಸಿಲಿನಲ್ಲೂ ಕೆಂಪು ಕೋಟಿನ ಮೇಲಿನ ಗುಂಡಿ ಬಿಚ್ಚುತ್ತಿರಲಿಲ್ಲ. ವಾದ್ಯವನ್ನು ತೀರಿಹೋದ ತಾಯಿಯ ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ, ಬಾಣಂತಿ ಕೂಸನ್ನು ಹಿಡಿದಂತೆ ಎದೆಗವಚಿಕೊಂಡು ಬರುತ್ತಿದ್ದರು.

ಅವರ ಮೂಲ ನಾರಾಯಣಪುರ. ತಂದೆ ಅಲ್ಲಿಯ ಹಳೇ ಶಿವನ ಗುಡಿಯಲ್ಲಿ ಸನಾದಿ ನುಡಿಸುತ್ತಿದ್ದವರು. ಸನಾದಿ ಬಿಟ್ಟು ಇದನ್ನು ಯಾಕೆ ಹಿಡಿದಿರಿ ಎಂದು ನಾನೊಮ್ಮೆ ಕೇಳಿದ್ದೆ. "ಸನಾದಿ ದೇವ್ರು ಏಳೂ ಹೊತ್ತಿಗೆ ಬೇಕು ತಂಗೀ, ಸ್ಯಾಕ್ಸೋ ಮನಷ್ಯಾರು ಕುಣಿಯೂ ಹೊತ್ತಿಗೆ ಬೇಕು. ದೇವ್ರಿಗೆ ಅಪ್ಪ ಇದ್ದ, ಮನಷ್ಯಾರಿಗೆ ಯಾರಿದ್ರು?" ಅಂದಿದ್ದರು.

ಮಾತಿನಲ್ಲಿ ಅವರನ್ನು ಗೆದ್ದವರಿಲ್ಲ. ಒಂದು ದೊಡ್ಡ ಮನೆಯ ಮದುವೆಯಲ್ಲಿ ವರನ ಮಾವ ಒಬ್ಬ ಕುಡಿದು, ಕುಣಿಯುತ್ತ ಬಂದು, ಧಿಮಾಕಿನಿಂದ ನೋಟುಗಳನ್ನು ಮುದ್ದೆ ಮಾಡಿ ಸ್ಯಾಕ್ಸಫೋನಿನ ಅಗಲವಾದ ಬಾಯಿಯೊಳಗೆ ತುರುಕಿದ. ಮಾಸ್ತರು ಊದುವುದನ್ನು ನಿಲ್ಲಿಸಿದರು. ವಾದ್ಯವನ್ನು ತಲೆಕೆಳಗು ಮಾಡಿ ಕೊಡವಿದರು. ನೋಟುಗಳು ಮಣ್ಣಿಗೆ ಬಿದ್ದವು. "ಸಾಹುಕಾರ್ರ, ನಿಮ್ಮ ರೊಕ್ಕ ಹೊಕ್ಕು ಕೆಳಗಿನ ಸ್ವರ ಬಂದ್ ಆಗೇದ. ಮಗ್ಗಲ ಕಿಸೆದಾಗ ಹಾಕ್ರಿ, ಅಲ್ಲಿ ಯಾವ ಸ್ವರಾನೂ ಇಲ್ಲ" ಎಂದರು. ಬೀಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಈಗ ಝಟ್ಕಾದ ವಿಷಯ ಹೇಳಬೇಕು. ಹುಮನಾಬಾದಿನ ಸುತ್ತಮುತ್ತ ಮದುವೆಯಾದವರಿಗೆ ಇದನ್ನು ಹೇಳುವ ಅಗತ್ಯವಿಲ್ಲ. ವರನ ಮೆರವಣಿಗೆ ಮಂಟಪದ ಬಾಗಿಲಿಗೆ ಬಂದಾಗ ಮಾಸ್ತರರ ಬ್ಯಾಂಡು ಒಂದು ಧಾಟಿ ಹಿಡಿಯುತ್ತಿತ್ತು. ಅದು ಸಿನಿಮಾ ಹಾಡಲ್ಲ, ಭಜನೆಯಲ್ಲ, ಎಲ್ಲಿಯದೋ ಗೊತ್ತಿಲ್ಲ. ತೂಗುತ್ತ ತೂಗುತ್ತ ಮೇಲೇರುವುದು, ಇನ್ನೇನು ತುದಿ ಮುಟ್ಟಬೇಕು ಅನ್ನುವಾಗ ಪಕ್ಕದ ಡ್ರಮ್ಮಿನವನು ಕೋಲಿನಿಂದ "ಟಕ್" ಅನ್ನಿಸುತ್ತಿದ್ದ. ತಾಳ ಅರ್ಧಕ್ಕೇ ತುಂಡಾಗಿ ಧಾಟಿ ಮುಂದಕ್ಕೆ ಹಾರುತ್ತಿತ್ತು. ಆ ತುಂಡಾದ ತಾಳ ಹಿಡಿಯಲು ಕುಣಿಯುವವರೆಲ್ಲ ಒಟ್ಟಿಗೆ ಒಂದು ಜಿಗಿತ ಜಿಗಿಯಬೇಕು. ಅದೇ ಝಟ್ಕಾ. ಅಕ್ಷತೆ ಬೀಳದಿದ್ದರೂ ನಡೆದೀತು, ಝಟ್ಕಾ ಬೀಳದೆ ಮದುವೆ ಆಗದು ಎಂದು ನಮ್ಮಲ್ಲಿ ಚೇಷ್ಟೆ ಮಾಡುತ್ತಿದ್ದರು. ನನ್ನ ಮದುವೆಯಲ್ಲಿ, ಮೂಗಿನ ಮೇಲೆ ಸಿಟ್ಟು ಇಟ್ಟುಕೊಂಡು ನಿಂತಿದ್ದ ನಮ್ಮ ಅತ್ತೆ ಕೂಡ "ಟಕ್" ಅಂದಕೂಡಲೇ ಸೀರೆ ನೆರಿಗೆ ಹಿಡಿದು ಜಿಗಿದಿದ್ದರು. ಆಮೇಲೆ "ನಾ ಎಲ್ಲಿ ಜಿಗದ್ನಿ? ಕಲ್ಲ ಎಡವೀತು" ಎಂದು ವಾದಿಸಿದರು.

ಆ ಧಾಟಿ ಮಾಸ್ತರರಿಗೆ ಒಂದು ರಿಕಾರ್ಡಿನಿಂದ ಬಂದದ್ದು. ಹರೆಯದಲ್ಲಿ ವಾದ್ಯ ರಿಪೇರಿಗೆಂದು ಹೈದರಾಬಾದಿಗೆ ಹೋದಾಗ, ರಿಪೇರಿ ಮಾಡುವ ಮುದುಕ ಇವರ ಊದಾಟಕ್ಕೆ ಮೆಚ್ಚಿ ಕೊಟ್ಟಿದ್ದನಂತೆ. ಅಮೆರಿಕದಲ್ಲಿ ನಮ್ಮ ಅಜ್ಜಂದಿರ ಕಾಲಕ್ಕೆ ಮಂದಿ ಕುಣಿಯುತ್ತಿದ್ದ ಸ್ವಿಂಗ್ ಎಂಬ ಜಾಜ್ ಸಂಗೀತ ಅದು. ರಿಕಾರ್ಡಿನ ಹೊದಿಕೆಯ ಮೇಲೆ ಹ್ಯಾಟು ಹಾಕಿಕೊಂಡ ಕಪ್ಪು ಮನುಷ್ಯನೊಬ್ಬ ಕಣ್ಣು ಅರ್ಧ ಮುಚ್ಚಿ ಸ್ಯಾಕ್ಸಫೋನ್ ಊದುತ್ತಿದ್ದಾನೆ. ಮಾಸ್ತರರಿಗೆ ಇಂಗ್ಲಿಷ್ ಬರದು. ಆತನನ್ನು "ಹ್ಯಾಟ್ ಸಾಹೇಬ್ರು" ಅನ್ನುತ್ತಿದ್ದರು. ಖಂಡೇನವಮಿಯ ದಿನ ವಾದ್ಯಗಳ ಜೊತೆ ಆ ಚಿತ್ರಕ್ಕೂ ಕುಂಕುಮ ಇಟ್ಟು ಊದಿನಕಡ್ಡಿ ಬೆಳಗುತ್ತಿದ್ದರು. ಕಲಿಸಿದ ಗುರು ಯಾರು ಎಂದು ಕೇಳಿದರೆ ಗೋಡೆಗೆ ತೂಗುಹಾಕಿದ್ದ ಆ ಹೊದಿಕೆಯ ಕಡೆ ಕೈ ಮಾಡುತ್ತಿದ್ದರು. "ಅವ್ರು ತಪ್ಪಂಗಿಲ್ಲ, ಬ್ಯಾಸರ ಮಾಡ್ಕೊಳ್ಳಂಗಿಲ್ಲ, ಎಷ್ಟ ಸರ್ತಿ ಕೇಳಿದ್ರೂ ಅದನ್ನಽ ಹೇಳ್ತಾರ. ರಿಕಾರ್ಡ್ ಸುಳ್ಳ ಹೇಳಂಗಿಲ್ಲ ತಂಗೀ, ಮನಷ್ಯಾ ಹೇಳ್ತಾನ."

ಈ ಕೊನೆಯ ಮಾತು ಹೇಳುವಾಗ ಅವರ ದನಿ ಬೇರೆಯಾಗುತ್ತಿತ್ತು. ಯಾಕೆ ಅನ್ನುವುದು ಊರಿಗೆಲ್ಲ ಗೊತ್ತು.

ಮಾಸ್ತರರಿಗೆ ಒಬ್ಬ ತಮ್ಮ. ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದ. ಅಣ್ಣತಮ್ಮ ಒಂದೇ ತಾಟಿನಲ್ಲಿ ಉಂಡು ಬೆಳೆದವರು. ಹರೆಯದಲ್ಲಿ ಒಮ್ಮೆ ಕೊಹಿನೂರು ಎಂಬ ಹಳ್ಳಿಯಲ್ಲಿ ಮದುವೆ. ಆ ಮದುವೆಯನ್ನು ಟೇಪ್ ಮಾಡಲು ನಮ್ಮಪ್ಪ ಹೋಗಿದ್ದ, ಹಾಗಾಗಿ ಇದನ್ನು ನಾನು ಅಪ್ಪನ ಬಾಯಿಂದಲೇ ಕೇಳಿದ್ದು. ಝಟ್ಕಾದ ಜಾಗ ಬಂತು. "ಟಕ್" ಆಯಿತು, ಎಲ್ಲರೂ ಜಿಗಿದರು. ತಮ್ಮ ಮಾತ್ರ ಜಿಗಿಯಲಿಲ್ಲ. ಕಣ್ಣು ಮುಚ್ಚಿ, ಯಾರೂ ಕೇಳದ ಏನನ್ನೋ ಉದ್ದಕ್ಕೆ ಊದಿದ. ಅರ್ಧ ಬ್ಯಾಂಡು ಅಣ್ಣನ ಹಿಂದೆ, ಅರ್ಧ ತಮ್ಮನ ಹಿಂದೆ. ಕುಣಿಯುವವರು ಒಬ್ಬರ ಮೇಲೊಬ್ಬರು ಬಿದ್ದರು, ವರ ಕೂತಿದ್ದ ಕುದುರೆ ಬೆದರಿತು.

"ಇದನ್ನ ಎಲ್ಲಿಂದ ತಂದ್ಯೋ?" ಎಂದು ಅಣ್ಣ ಗದರಿದರು.

"ರಿಕಾರ್ಡಿನಾಗ ಅದ ಅಣ್ಣಾ. ನೀ ತಂದ ದಿನ ಇಬ್ರೂ ಕುಂತು ಕೇಳಿದ್ವಿ. ನಿನಗ ನೆಪ್ಪಿಲ್ಲೇನು? ಈಗ ಯಾಕೋ ಅದು ಕೇಳಸವಲ್ದು."

"ದಿನಾ ಮುಂಜಾನೆ ಹಚ್ಚಿ ಕೇಳಾಕತ್ತೇನಿ ನಾ. ರಿಕಾರ್ಡ್ ಸುಳ್ಳ ಹೇಳ್ತದೋ, ನೀ ಹೇಳ್ತಿಯೋ?"

"ನಾ ಕೇಳೀನಿ ಅಣ್ಣಾ. ಖರೇ ಕೇಳೀನಿ."

ಮಾಸ್ತರು ತಮ್ಮನ ತಲೆಯ ಮೇಲಿನ ಗರಿಯ ಟೋಪಿ ಕಿತ್ತುಕೊಂಡರು. ಬ್ಯಾಂಡಿನವನ ಟೋಪಿ ತೆಗೆದರೆ ಅವನು ಬ್ಯಾಂಡಿನಿಂದ ಹೋದ ಎಂದೇ ಅರ್ಥ. ಅಷ್ಟು ಸಾಲದೆ ಬೀಗರು, ಬಿಜ್ಜರು, ಊರವರು ಎಲ್ಲರ ಮುಂದೆ ಕೂಗಿ ಹೇಳಿದರು: "ಕೇಳ್ರಿ ಎಲ್ಲಾರೂ, ಇಂವಾ ಸುಳ್ಳಗಾರ! ಇವತ್ತಿನಿಂದ ನನಗ ತಮ್ಮ ಇಲ್ಲ!"

ತಮ್ಮ ಕೊಹಿನೂರಿನಿಂದ ಬಸವಕಲ್ಯಾಣಕ್ಕೆ ನಡೆದುಕೊಂಡೇ ಹೋದನಂತೆ. ಅಲ್ಲೇ ಉಳಿದ, ಅಲ್ಲೇ ಸ್ವಂತ ಬ್ಯಾಂಡು ಕಟ್ಟಿದ. ಅಲ್ಲಿಂದ ಮುಂದೆ ಹುಮನಾಬಾದಿನ ಮದುವೆ ಅಣ್ಣನಿಗೆ, ಕಲ್ಯಾಣದ ಮದುವೆ ತಮ್ಮನಿಗೆ. ಹೆದ್ದಾರಿಯಿಂದ ಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾವನ್ನು ಇಬ್ಬರ ಬ್ಯಾಂಡೂ ದಾಟುತ್ತಿರಲಿಲ್ಲ. ತಾಯಿ ತೀರಿಕೊಂಡಾಗ ಇಬ್ಬರೂ ಮಣ್ಣಿಗೆ ಬಂದಿದ್ದರು. ಕುಣಿಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು, ಮಾತಾಡದೆ ಹೊರಟುಹೋದರು. ಯಾರಾದರೂ ಸಮಾಧಾನ ಹೇಳಲು ಹೋದರೆ ಮಾಸ್ತರರದು ಒಂದೇ ಮಾತು: "ರೊಕ್ಕಕ್ಕ ಸುಳ್ಳ ಹೇಳಿದಂವನ್ನ ಬಿಡಬಹುದು. ರಾಗಕ್ಕ ಸುಳ್ಳ ಹೇಳಿದಂವನ್ನ ಬಿಡಬಾರ್ದು."

ನಾವೆಲ್ಲ ಇದನ್ನು ಒಪ್ಪಿಕೊಂಡಿದ್ದೆವು. ನೋಡಿ, ಇದೇ ನನ್ನನ್ನು ಈಗ ತಿನ್ನುವುದು. ಊರಿಗೆ ಊರೇ ಒಪ್ಪಿಕೊಂಡಿತ್ತು! ಮಾಸ್ತರರ ಕಲೆಯ ನಿಷ್ಠೆ ಎಷ್ಟು ದೊಡ್ಡದು, ಒಡಹುಟ್ಟಿದವನನ್ನೂ ಬಿಡಲಿಲ್ಲ ಎಂದು ಹೊಗಳುತ್ತಿದ್ದೆವು.

ಮಾಸ್ತರರ ಮುಂದಿನ ಹಲ್ಲುಗಳು ಬಿದ್ದವು. ಸ್ಯಾಕ್ಸಫೋನಿನ ಊದುವ ತುದಿಯನ್ನು ಹಲ್ಲಿನಿಂದ ಕಚ್ಚಿ ಹಿಡಿಯಬೇಕಂತೆ. ಕಟ್ಟಿಸಿಕೊಂಡ ಹಲ್ಲು ಊದುವಾಗ ಅಲುಗಾಡುತ್ತಿತ್ತು. ಬ್ಯಾಂಡನ್ನು ಅಳಿಯನ ಕೈಗೆ ಕೊಟ್ಟು ಮನೆಯಲ್ಲಿ ಕೂತರು. ಮನೆಯ ಹಳೇ ಪ್ಲೇಯರು ಅದೇ ಹೊತ್ತಿಗೆ ಕೆಟ್ಟು ಕೂತಿತು. ಆಗ ರಿಕಾರ್ಡನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದರು.

"ತಂಗೀ, ನನ್ನ ಹಲ್ಲು ಹೋದ್ವು. ಸಾಹೇಬ್ರ ಹಲ್ಲು ಇನ್ನಾ ಗಟ್ಟಿ ಅದಾವ. ಮೊಬೈಲಿನಾಗ ಹಾಕಿಕೊಡು, ಕಿವಿಗೆ ಹಚ್ಕೊಂಡು ಕೂಡ್ತೀನಿ."

"ಕೊಡ್ರಿ ಕಾಕಾ. ಚಾ ಕುಡೀರಿ, ಅಷ್ಟೊತ್ತಿಗೆ ತೊಳೀತೀನಿ."

"ತೊಳೀತಿ? ರಿಕಾರ್ಡ್ ಏನ್ ಧೋತರ ಅದೇನು?"

ರಿಕಾರ್ಡನ್ನು ಇಳಿಸುವ ಮೊದಲು ತೊಳೆಯಲೇಬೇಕು. ಗೆರೆಗಳೊಳಗೆ ಕೂತ ಧೂಳು ಸೂಜಿಗೆ ಸಿಕ್ಕಿ ಚರಚರ ಅನ್ನುತ್ತದೆ. ಬ್ಯಾಟರಿಗೆ ಹಾಕುವ ನೀರಿಗೆ ಒಂದು ಹನಿ ಸೋಪು ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಗೆರೆ ಓಡಿದ ಕಡೆಗೇ ಒರೆಸುತ್ತ ಹೋದೆ. ಎರಡನೇ ಮಗ್ಗುಲಲ್ಲಿ ಬಟ್ಟೆ ಒಂದು ಕಡೆ ತಡೆಯಿತು. ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದೆ. ಸಾಸಿವೆ ಕಾಳಿನಷ್ಟು ಕಂದು ಬಣ್ಣದ ಏನೋ ಒಂದು ಗೆರೆಗಳ ಮೇಲೆ ಗಟ್ಟಿಯಾಗಿ ಕೂತಿತ್ತು. ಎಲೆಅಡಿಕೆಯ ಹನಿ ಇರಬೇಕು ಅಂದುಕೊಂಡೆ.

"ಏನ್ರಿ ಕಾಕಾ ಇದು?"

ಮಾಸ್ತರು ಕನ್ನಡಕ ಹಣೆಗೇರಿಸಿ, ಕಣ್ಣ ಹತ್ತಿರ ತಂದು ನೋಡಿ ನಕ್ಕರು. "ಅರಗು ತಂಗೀ. ಸ್ಯಾಕ್ಸೋದ ಕೀಲಿ ಕೆಳಗ ಚರ್ಮದ ಬಿಲ್ಲೆ ಇರ್ತಾವಲ್ಲ, ಅವನ್ನ ಅರಗು ಕಾಸಿ ಕೂಡಸ್ತೀವಿ. ನನ್ನ ಕೈಲೇ ಬಿದ್ದಿರಬೇಕು. ತೆಗಿ, ತೆಗಿ. ಕಸ ಅಲ್ಲೇನು."

ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಮೆಲ್ಲಗೆ ಒತ್ತಿ ಒತ್ತಿ ಕರಗಿಸಿದೆ. ಗೀರು ಬೀಳಬಾರದೆಂದು ಉಸಿರು ಬಿಗಿಹಿಡಿದಿದ್ದೆ. ಪೂರ್ತಿ ಹೋಯಿತು. ಒಣಗಿಸಿ, ಪ್ಲೇಯರಿನ ತಟ್ಟೆಯ ಮೇಲಿಟ್ಟು, ಕಂಪ್ಯೂಟರಿನಲ್ಲಿ ರಿಕಾರ್ಡಿಂಗ್ ಶುರು ಮಾಡಿ ಸೂಜಿ ಇಳಿಸಿದೆ.

ದೊಡ್ಡ ಸ್ಪೀಕರಿನಲ್ಲಿ ಹ್ಯಾಟ್ ಸಾಹೇಬರ ಉಸಿರು ಕೂಡ ಕೇಳಿಸುತ್ತಿತ್ತು. ರಾತ್ರಿಯೆಲ್ಲ ಮಾತಾಡಿ ಗಂಟಲು ಒಡೆದ ಮನುಷ್ಯ ಇನ್ನೂ ಪ್ರೀತಿಯಿಂದ ಮಾತಾಡುತ್ತಲೇ ಇದ್ದಾನೆ ಅನ್ನುವಂಥ ದನಿ. ಮಾಸ್ತರು ಸ್ಟೂಲಿನ ಮೇಲೆ ಕೂತು ಗಾಳಿಯಲ್ಲೇ ಬೆರಳಾಡಿಸುತ್ತಿದ್ದರು. ಝಟ್ಕಾದ ಧಾಟಿ ಬಂತು. ಮಗುವಾಗಿದ್ದಾಗಿನಿಂದ ಕೇಳಿದ್ದು, ನನ್ನ ಹಿಮ್ಮಡಿ ತಾನಾಗಿಯೇ ಎದ್ದಿತು. ಮೇಲೇರಿತು, ಮೇಲೇರಿತು, ಈಗ "ಟಕ್" ಅನ್ನಬೇಕು.

ಅನ್ನಲಿಲ್ಲ.

ಎತ್ತಿದ ನನ್ನ ಕಾಲು ಹಾಗೇ ನಿಂತಿತು. ತಾಳ ತುಂಡಾಗಲಿಲ್ಲ. ಸ್ಯಾಕ್ಸಫೋನು ಆ ತುದಿಯನ್ನು ಮುಟ್ಟಿತು, ಅಲ್ಲಿ ಒಂದು ಗಳಿಗೆ ನಿಂತಿತು, ಆಮೇಲೆ ಅವಸರವಿಲ್ಲದೆ ಒಂದೊಂದೇ ಮೆಟ್ಟಿಲು ಇಳಿದು ಬಂದು ಮುಂದಿನ ಸಾಲಿಗೆ ಕೈಕೊಟ್ಟಿತು. ಎಷ್ಟು ಚೆಂದ ಇತ್ತೆಂದರೆ, ಹೇಳಲು ನನ್ನ ಹತ್ತಿರ ಮಾತಿಲ್ಲ. ಅಯ್ಯೋ ಶಿವನೇ, ಇದೇನಿದು ಎಂದು ನಾನು ಬಾಯಿಯ ಮೇಲೆ ಕೈಯಿಟ್ಟುಕೊಂಡೆ. ಆಮೇಲೆ ಹೊಳೆಯಿತು. ಸೂಜಿ ಇಷ್ಟು ವರ್ಷ ಆ ಅರಗಿನ ಹನಿಗೆ ತಾಗಿ ಮುಂದಿನ ಗೆರೆಗೆ ಹಾರುತ್ತಿತ್ತು. ಡ್ರಮ್ಮಿನವನು ನಿಷ್ಠೆಯಿಂದ ಬಾರಿಸುತ್ತಿದ್ದ "ಟಕ್" ಕೂಡ ಸೂಜಿ ಎಡವಿದ ಸಪ್ಪಳ. ನಾವು, ನಮ್ಮ ಅತ್ತೆ, ಊರ ಗೌಡರು, ಸಾಹುಕಾರರು, ಎಲ್ಲರೂ ಕುಣಿದದ್ದು ಒಂದು ಹನಿ ಅರಗಿಗೆ!

ನನಗೆ ನಗು ಬರುವುದರಲ್ಲಿತ್ತು. ಮಾಸ್ತರರ ಮುಖ ನೋಡಿದೆ, ನಗು ಸತ್ತುಹೋಯಿತು. ಗಾಳಿಯಲ್ಲಿ ಆಡುತ್ತಿದ್ದ ಬೆರಳುಗಳು ಅಲ್ಲೇ ನಿಂತಿದ್ದವು.

"ಮತ್ತ ಹಚ್ಚು" ಅಂದರು.

ಮತ್ತೆ ಹಚ್ಚಿದೆ. ಮತ್ತೆ ಅದೇ. ಇನ್ನೊಮ್ಮೆ ಅಂದರು, ಇನ್ನೊಮ್ಮೆ ಹಚ್ಚಿದೆ. ಆಮೇಲೆ ಅವರು ನನಗಲ್ಲ, ಗೋಡೆಗೆ ಹೇಳುವಂತೆ ಮೆಲ್ಲಗೆ ಅಂದರು: "ಅಂವಾ ಖರೇ ಹೇಳಿದ್ದ."

ನಾನು ಸೂಜಿ ಎತ್ತಿದೆ.

"ಹೈದರಾಬಾದದಿಂದ ತಂದ ದಿನ ಇಬ್ರೂ ಕುಂತು ಕೇಳಿದ್ವಿ. ಮರುದಿನ ಮುಂಜಾನೆ ಸ್ಯಾಕ್ಸೋದ ಬಿಲ್ಲೆ ಬಿಚ್ಚಿತ್ತು. ದೀಪದ ಮ್ಯಾಲ ಅರಗು ಕಾಸಿದ್ನಿ. ರಿಕಾರ್ಡ್ ಬಾಜೂಕಽ ಇತ್ತು. ನನ್ನ ಕೈಲೇ, ತಂಗೀ. ನನ್ನ ಕೈಲೇ." ಆಮೇಲೆ ಒಂದು ಪ್ರಶ್ನೆ ಕೇಳಿದರು. ಆ ಪ್ರಶ್ನೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಆ ಅರಗು ತಿರಗಿ ಹಚ್ಚಾಕ ಬರ್ತದೇನು?"

"ಕಾಕಾ, ಏನ್ ಮಾತಾಡ್ತೀರ್ರಿ!" ಎಂದು ನಾನು ಚೀರಿಬಿಟ್ಟೆ. ಅವರು ಎದ್ದು, ರಿಕಾರ್ಡು ಕೂಡ ತೆಗೆದುಕೊಳ್ಳದೆ ಹೊರಟುಹೋದರು.

ವಾರವಾದರೂ ಪತ್ತೆಯಿಲ್ಲ. ನಾನೇ ಅವರ ಮನೆಗೆ ಹೋದೆ. ಮಾಸ್ತರು ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದರು. "ಉಣ್ಣವಲ್ರು, ಮಾತಾಡವಲ್ರು. ಏನ್ ಮಾಡಿ ಕಳಿಸಿದ್ಯವ್ವ ನೀ?" ಎಂದು ಅವರ ಮನೆಯವರು ನನ್ನನ್ನೇ ಬೈದರು. ಹಾಗಾದರೆ ಇವರು ಮನೆಯಲ್ಲಿ ಯಾರಿಗೂ ಬಾಯಿ ಬಿಟ್ಟಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು ನೆತ್ತಿಗೇರಿತು.

"ಗ್ವಾಡಿ ನೋಡ್ಕೋತ ಕುಂತ್ರ ಏನ್ ಬರ್ತದ್ರಿ ಕಾಕಾ? ಏಳ್ರಿ. ಕಲ್ಯಾಣಕ್ಕ ಹೋಗೂಣ. ನಿಮ್ಮ ತಮ್ಮಗ ಕೇಳಸೂಣ."

"ಅಂವಾ ಹೊಡದ್ರ?"

"ಹೊಡಿಸ್ಕೊಳ್ರಿ."

ಮಾಸ್ತರು ನನ್ನ ಮುಖವನ್ನೇ ನೋಡಿದರು. ಆಮೇಲೆ ಎದ್ದು ಅಂಗಿ ಹಾಕಿಕೊಂಡರು. ನಾನು ಪೆನ್‌ಡ್ರೈವು, ಒಂದು ಸಣ್ಣ ಸ್ಪೀಕರು ತಂದೆ. ಬಸ್ಸಿನಲ್ಲಿ ಆ ಸ್ಪೀಕರನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಸಸ್ತಾಪುರ ಬಂಗ್ಲಾ ಬಂದಾಗ, "ಇಲ್ಲೇ ಇಳಿದ್ಬಿಡೂಣ, ಇನ್ನೊಂದ್ ದಿನ ಬರೂಣ" ಎಂದು ಏಳಲು ಹೋದರು. ನಾನು ಅವರ ಅಂಗಿಯ ತೋಳು ಹಿಡಿದು ಕೂರಿಸಿದೆ.

ಕಲ್ಯಾಣದಲ್ಲಿ ಕೋಟೆಯ ಕಡೆಯ ಗಲ್ಲಿಯಲ್ಲಿ ತಮ್ಮನ ಮನೆ. ಅವನು ಮದುವೆಯ ಮೆರವಣಿಗೆಗೆ ಹೋಗಿದ್ದಾನೆ ಅಂದರು. ಸಪ್ಪಳ ಹಿಡಿದುಕೊಂಡು ನಡೆದೆವು. ಬಜಾರಿನ ತಿರುವಿನಲ್ಲಿ ನೀಲಿ ಕೋಟಿನ ಬ್ಯಾಂಡು. ಎದುರಿಗೆ ನಿಂತು ಕ್ಲಾರಿಯೋನೆಟ್ ಊದುತ್ತಿದ್ದ ಮುದುಕನನ್ನು ನೋಡಿ ನಾನು ದಂಗಾದೆ. ಅದೇ ಮುಖ, ಅದೇ ಉಬ್ಬಿದ ಗಲ್ಲ. ಮಾಸ್ತರು ನನ್ನ ಪಕ್ಕದಲ್ಲಿರದಿದ್ದರೆ ಅವರೇ ಅನ್ನುತ್ತಿದ್ದೆ.

"ಝಟ್ಕಾ! ಝಟ್ಕಾ ಹಚ್ರಿ!" ಎಂದು ಹುಡುಗರು ಕೂಗಿದರು.

ಇಲ್ಲೂ ಅದೇ ಹೆಸರೇ? ನನಗೆ ಗೊತ್ತೇ ಇರಲಿಲ್ಲ. ನನ್ನ ಬಳಗವೆಲ್ಲ ಬೀದರ ಕಡೆಯದು, ಕಲ್ಯಾಣದ ಮದುವೆ ನಾನು ಕಂಡವಳಲ್ಲ. ತಮ್ಮ ಧಾಟಿ ಹಿಡಿದ. ಇವನಿಗೆ ಅಸಲಿ ಗೊತ್ತು, ಇವನು ಪೂರ್ತಿ ಊದುತ್ತಾನೆ, ಅಣ್ಣ ನಿಂತು ಕೇಳುತ್ತಾರೆ, ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ಧಾಟಿ ಮೇಲೇರಿತು.

"ಟಕ್."

ಬೀದಿಯೆಲ್ಲ ಜಿಗಿಯಿತು. ತಮ್ಮನೂ ಜಿಗಿದ.

ಮಾಸ್ತರು ಅಂಗಡಿಯೊಂದರ ಕಟ್ಟೆಯ ಮೇಲೆ ಕುಸಿದು ಕೂತರು. ಊದುವುದು ಮುಗಿಸಿ ಮುಖ ಒರೆಸಿಕೊಳ್ಳುತ್ತಿದ್ದ ತಮ್ಮನ ಕಣ್ಣು ಇತ್ತ ಬಿತ್ತು. ಅವನು ಬಂದು ನಾಲ್ಕು ಮಾರು ದೂರದಲ್ಲಿ ನಿಂತ. ಜೀವಮಾನವೆಲ್ಲ ಮಾತು ಬಿಟ್ಟ ಅಣ್ಣ ತಮ್ಮನಿಗೆ ಆಡಿದ ಮೊದಲ ಮಾತು ಇದು: "ನೀ ಯಾಕ ಜಿಗದಿ?"

"ಏನಣ್ಣಾ?"

"ಅಲ್ಲಿ ಜಿಗಿಯೂದಿಲ್ಲ. ಅಲ್ಲಿ ಹಾಡು ಅದ. ನೀನಽ ಹೇಳಿದ್ದಿ."

ತಮ್ಮ ಕೈ ಮುಗಿದ. ಸಣ್ಣ ಹುಡುಗನ ಹಾಗೆ ತಡವರಿಸಿದ. "ಇಲ್ಲಣ್ಣಾ, ಅಲ್ಲಿ ಏನೂ ಇಲ್ಲ. ನೀ ಹೇಳಿದ್ದಽ ಖರೇ. ನಾನಽ ಮನಸಿನಾಗ ಏನೋ ಹುಟ್ಟಿಸ್ಕೊಂಡು ಊದಿದ್ನಿ. ಹುಡುಗಬುದ್ಧಿ, ತಪ್ಪಾತು. ನಿನ್ನ ಕಾಲು ಹಿಡದು ಮಾಫಿ ಕೇಳೂಣಂತ ಎಷ್ಟೋ ಸರ್ತಿ ಬಂಗ್ಲಾ ತನಕ ಬಂದೀನಿ. ಮಾರಿ ತೋರಸಾಕ ಆಗಲಿಲ್ಲ, ತಿರಗಿ ಹೋಗೀನಿ."

ನಿಜ ಹೇಳಿದ್ದಕ್ಕೆ ಮಾಫಿ ಕೇಳಲು ಬರುತ್ತಿದ್ದನಂತೆ ಈ ಮನುಷ್ಯ! ಅಣ್ಣ ಹೇಳಿದ ಮೇಲೆ ತನ್ನ ಕಿವಿಯನ್ನೇ ಸುಳ್ಳು ಎಂದು ನಂಬಿಬಿಟ್ಟಿದ್ದಾನೆ! ಮಾಸ್ತರು ನನ್ನ ಕಡೆ ತಿರುಗಿ ಕೈಸನ್ನೆ ಮಾಡಿದರು. ನಾನು ಸ್ಪೀಕರ್ ಹಚ್ಚಿದೆ.

ಹ್ಯಾಟ್ ಸಾಹೇಬರ ದನಿ ಕಲ್ಯಾಣದ ಬಜಾರಿನಲ್ಲಿ ಎದ್ದಿತು. ತಮ್ಮ ತಲೆ ತಗ್ಗಿಸಿ ಕೇಳುತ್ತಿದ್ದ. ಧಾಟಿ ಮೇಲೇರಿ, ತುದಿ ಮುಟ್ಟಿ, ನಿಂತು, ಇಳಿಯಿತು. ನಾನು ಅವನ ಮುಖ ನೋಡಲಾರದೆ ಕೈ ನೋಡಿದೆ. ಕ್ಲಾರಿಯೋನೆಟ್ಟಿನ ತೂತುಗಳ ಮೇಲೆ ಅವನ ಬೆರಳುಗಳು ಆ ಮೆಟ್ಟಿಲುಗಳನ್ನು ರಿಕಾರ್ಡಿಗಿಂತ ಮೊದಲೇ ಇಳಿಯುತ್ತಿದ್ದವು.

"ಇತ್ತು" ಅಂದ. "ಅಣ್ಣಾ, ಇತ್ತು."

"ನನ್ನ ಕೈಲೇ ಅರಗು ಬಿದ್ದಿತ್ತೋ. ಸೂಜಿ ಹಾರಾಕತ್ತಿತ್ತು. ನೀ ಖರೇ ಇದ್ದಿ."

ತಬ್ಬಿಕೊಳ್ಳುತ್ತಾರೆ ಎಂದು ನಾನು ಕಣ್ಣೊರೆಸಿಕೊಳ್ಳಲು ಸೆರಗು ಎತ್ತಿಕೊಂಡಿದ್ದೆ. ತಮ್ಮ ಸಿಡಿದೆದ್ದ. "ಬ್ಯಾಂಡಿನಿಂದ ತಗದಿ, ತಗಿ! ಟೋಪಿ ಕಸ್ಕೊಂಡಿ, ಕಸ್ಕೋ! ನನ್ನ ಕಿವೀನ ಯಾಕ ಕಸ್ಕೊಂಡ್ಯಣ್ಣಾ? ಅವತ್ತಿನಿಂದ ಒಂದ್ ಹೊಸ ಧಾಟಿ ಕಟ್ಟಲಿಲ್ಲ ನಾ. ಬಾಜೂಕಿನಂವಾ ಹೌದು ಅಂದ್ರ ಹೌದು, ಅಲ್ಲ ಅಂದ್ರ ಅಲ್ಲ. ನನ್ನ ಕಿವಿ ಕೆಟ್ಟಾವ, ನಾ ಸುಳ್ಳಗಾರ ಅಂತ ತಿಳ್ಕೊಂಡು ಬದಕೀನಲ್ಲಣ್ಣಾ!"

ಮಾಸ್ತರು ತಲೆ ಬಗ್ಗಿಸಿ ನಿಂತಿದ್ದರು. ಮಾತಿನಲ್ಲಿ ಯಾರಿಗೂ ಸೋಲದ ಮನುಷ್ಯ! "ಬೈ" ಅಂದರು. "ಇನ್ನಾ ಬೈ."

ಅಷ್ಟರಲ್ಲಿ ವರನ ಕಡೆಯವರಿಗೆ ತಾಳ್ಮೆ ಹೋಯಿತು. "ಏ ಮಾಸ್ತರ, ನಿಮ್ಮ ಮನಿ ಪಂಚಾಯ್ತಿ ಆಮ್ಯಾಲ ಮಾಡ್ಕೋರಿ. ಮುಹೂರ್ತ ಮೀರಾಕತ್ತದ. ಇನ್ನೊಂದ್ ಸರ್ತಿ ಝಟ್ಕಾ ಹಚ್ರಿ, ಒಳಗ ಹೋಗೂಣ!"

ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು ತಮ್ಮ ಹೋಗಿ ಬ್ಯಾಂಡಿನ ಮುಂದೆ ನಿಂತ. ಕಣ್ಣು ಮುಚ್ಚಿದ. ಧಾಟಿ ಎದ್ದಿತು. ಮಂದಿ ಹೆಗಲ ಮೇಲೆ ಕೈ ಹಾಕಿಕೊಂಡು ಕುಣಿಯತೊಡಗಿದರು. ಆ ಜಾಗ ಬಂತು. "ಟಕ್" ಅಂದಿತು ಡ್ರಮ್ಮು. ಬ್ಯಾಂಡು ಮುಂದಕ್ಕೆ ಹಾರಿತು, ಬೀದಿ ಜಿಗಿಯಿತು. ತಮ್ಮ ಜಿಗಿಯಲಿಲ್ಲ. ತುದಿಯನ್ನು ಮುಟ್ಟಿ, ಅಲ್ಲೇ ನಿಂತು ಊದಿದ. ಬ್ಯಾಂಡು ಚೆಲ್ಲಾಪಿಲ್ಲಿಯಾಯಿತು. ಜಿಗಿದವರು ಒಬ್ಬರ ಕಾಲು ಒಬ್ಬರು ತುಳಿದರು, ಯಾರೋ ಬಿದ್ದರು, ವರನ ಕಾಕಾ ಕೆಂಡವಾದ. "ಏ, ತಪ್ಪಿದಾ! ಮಾಸ್ತರ ತಪ್ಪಿದಾ! ಬಂದ್ ಮಾಡಸ್ರಿ!"

ನನ್ನ ಪಕ್ಕದಲ್ಲಿದ್ದ ಮಾಸ್ತರು ಯಾವಾಗ ಓಡಿದರೋ ನಾನು ಕಾಣೆ. ಮಂದಿಯ ನಡುವೆ ನುಗ್ಗಿ, ಎರಡೂ ಕೈ ಮೇಲೆತ್ತಿ, ಹಲ್ಲಿಲ್ಲದ ಬಾಯಿಯಿಂದ ಗಂಟಲು ಹರಿಯುವಂತೆ ಕೂಗುತ್ತಿದ್ದರು.

"ತಪ್ಪಿಲ್ಲ! ನನ್ನ ತಮ್ಮ ತಪ್ಪಿಲ್ಲ! ಕೇಳ್ರಿ ಎಲ್ಲಾರೂ, ನಾ ತಪ್ಪೀನಿ! ನಾ ಸುಳ್ಳಗಾರ! ಅಂವಾ ಊದಾಕತ್ತಿದ್ದು ಖರೇ ಅದ!"

ಯಾರೋ ಹುಚ್ಚ ಮುದುಕ ಎಂದು ಇಬ್ಬರು ಅವರ ರಟ್ಟೆ ಹಿಡಿದು ಎಳೆದರು. ಅವರು ಕೂಗುವುದನ್ನು ಬಿಡಲಿಲ್ಲ. ತಮ್ಮನು ಕಣ್ಣು ತೆರೆದು ಅಣ್ಣನನ್ನು ನೋಡಿದ. ಊದುವುದನ್ನು ಮಾತ್ರ ನಿಲ್ಲಿಸಲಿಲ್ಲ.